ಬೆರಳಚ್ಚಿನಲ್ಲಿ ಭವಿಷ್ಯವಿಲ್ಲ, ರಕ್ತದಲ್ಲಿ ಅಂಕಪಟ್ಟಿಯಿಲ್ಲ



ಈ ವರ್ಷದ ರಾಜ್ಯೋತ್ಸವದ ಸಭಾಂಗಣದ ಹೊರಗೆ, ಪುಸ್ತಕದ ಮೇಜಿಗೂ ತಿಂಡಿಯ ಮೇಜಿಗೂ ನಡುವೆ, ಮಕ್ಕಳ ‘ಜನ್ಮಜಾತ ಪ್ರತಿಭೆ’ಯನ್ನು ಪರೀಕ್ಷಿಸಿ ಹೇಳುವ ಮಳಿಗೆಯೊಂದಕ್ಕೆ ಸ್ಥಳ ನೀಡಬೇಕೆಂಬ ಸಲಹೆ ಕಾರ್ಯಕಾರಿ ಸಮಿತಿಯ ಮುಂದೆ ಬಂದಿದೆ. ಬೆರಳಚ್ಚು ತೆಗೆದುಕೊಳ್ಳುತ್ತಾರಂತೆ; ಹೆಚ್ಚು ಹಣ ತೆತ್ತವರಿಗೆ ಎಂಜಲಿನ ಮಾದರಿಯಿಂದ ಡಿ.ಎನ್.ಎ. ಪರೀಕ್ಷೆಯೂ ಉಂಟಂತೆ. ಮಳಿಗೆಯವರು ಪ್ರಾಯೋಜಕರಾಗಿ ಕೊಡುವ ಹಣದಿಂದ ಊಟದ ಖರ್ಚಿನ ಒಂದು ಪಾಲು ತೂಗುತ್ತದೆ, ಪೋಷಕರಿಗೂ ಉಪಯೋಗವಾಗುತ್ತದೆ ಎಂಬುದು ಸಲಹೆಯ ಪರವಾದ ವಾದ. ಬುರೈಮಿಯಂಥ ಗಡಿಯೂರಿನ ಸಣ್ಣ ಸಂಘಕ್ಕೆ ಹಣದ ಮುಗ್ಗಟ್ಟು ಎಷ್ಟೆಂಬುದು ನನಗೆ ಗೊತ್ತಿಲ್ಲದ್ದಲ್ಲ. ಆದರೂ ಈ ಸಲಹೆಯನ್ನು ನಾನು ವಿರೋಧಿಸುತ್ತೇನೆ. ವಿರೋಧವನ್ನು ಸಮಿತಿಯ ಸಭೆಯಲ್ಲಿ ಹೇಳಿ ಸುಮ್ಮನಾಗದೆ, ಮಕ್ಕಳಿರುವ ಎಲ್ಲ ಮನೆಗಳಿಗೂ ಮುಟ್ಟಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮಾರಾಟಕ್ಕೆ ಬಂದಿರುವ ಸರಕು ಸುಳ್ಳು ಎಂಬುದಷ್ಟೇ ನನ್ನ ಆಕ್ಷೇಪವಾಗಿದ್ದರೆ ನಾಲ್ಕು ಸಾಲು ಸಾಕಾಗುತ್ತಿತ್ತು. ಅದಕ್ಕಿಂತ ಗುರುತರವಾದ ಆಕ್ಷೇಪ ಬೇರೊಂದಿದೆ. ಮಕ್ಕಳ ಕಲಿಕೆಯ ವಿಷಯದಲ್ಲಿ, ಶಾಲೆಗಳು ಹೇಗಿರಬೇಕೆಂಬ ವಿಷಯದಲ್ಲಿ, ತಳಿವಿಜ್ಞಾನ ನಿಜವಾಗಿಯೂ ಹೇಳಬಲ್ಲ ಮಾತುಗಳಿವೆ. ಅವು ನಮ್ಮ ಮನೆಗಳಿಗೆ ಇಂದೇ ಬೇಕಾದ ಮಾತುಗಳು. ಈ ಮಳಿಗೆಗಳ ಗದ್ದಲದಲ್ಲಿ ಅವು ಯಾರ ಕಿವಿಗೂ ಬೀಳುತ್ತಿಲ್ಲ. ನಾನು ತಳಿವಿಜ್ಞಾನಿಯಲ್ಲ; ಎಂ.ಬಿ.ಬಿ.ಎಸ್. ಓದಿ ಸಾಮಾನ್ಯ ವೈದ್ಯವೃತ್ತಿ ನಡೆಸುವವನು. ಆದರೆ ಬಣ್ಣಬಣ್ಣದ ವರದಿಯನ್ನು ಹಿಡಿದು, ‘ಡಾಕ್ಟ್ರೇ, ಇವನಿಗೆ ಗಣಿತ ಬರುವುದೇ ಇಲ್ಲವಂತೆ’ ಎನ್ನುತ್ತ ಬರುವ ತಾಯಂದಿರನ್ನು ಕಂಡು ಬಲ್ಲೆ. ಪಕ್ಕದಲ್ಲಿ ನಿಂತ ಮಗು ಆ ಮಾತನ್ನು ಕೇಳಿಸಿಕೊಳ್ಳುತ್ತಿರುತ್ತದೆ.

ಮೊದಲು ಬೆರಳಚ್ಚಿನ ವಿಷಯ. ಡಿ.ಎಂ.ಐ.ಟಿ. ಎಂಬ ಹೆಸರಿನ ಈ ವ್ಯಾಪಾರ ನಮ್ಮ ನಾಡಿನಲ್ಲಿ ಬಹಳ ವರ್ಷಗಳಿಂದ ನಡೆದಿದೆ. ಇದರ ಜಾಣತನವೆಂದರೆ, ಎರಡು ಸತ್ಯಗಳ ನಡುವೆ ಒಂದು ಸುಳ್ಳನ್ನು ನಿಲ್ಲಿಸಿರುವುದು. ಬೆರಳಿನ ಗೆರೆಗಳು ಮಗು ಗರ್ಭದಲ್ಲಿರುವಾಗಲೇ ಮೂಡುತ್ತವೆ, ಡೌನ್ ಸಿಂಡ್ರೋಮಿನಂಥ ಕೆಲವು ಸ್ಥಿತಿಗಳಲ್ಲಿ ಅಂಗೈಯ ಗೆರೆಗಳು ಬೇರೆ ಬಗೆಯಾಗಿರುತ್ತವೆ ಎಂಬುದು ನಿಜ. ಆ ಗೆರೆಗಳ ಅಧ್ಯಯನಕ್ಕೆ 1926ರಲ್ಲಿ ಹೆರಾಲ್ಡ್ ಕಮಿನ್ಸ್ ಹೆಸರಿಟ್ಟರು. ಅದು ಪ್ರಾಮಾಣಿಕವಾದ ಶಾಸ್ತ್ರ. 1983ರಲ್ಲಿ ಹೋವರ್ಡ್ ಗಾರ್ಡ್ನರ್ ಎಂಬ ಮನೋವಿಜ್ಞಾನಿ ಬುದ್ಧಿ ಒಂದಲ್ಲ, ಹಲವು ಬಗೆ ಎಂದು ವಾದಿಸಿದರು. ಅದೂ ಒಪ್ಪಬಹುದಾದ ಅಥವಾ ಬಿಡಬಹುದಾದ ಒಂದು ವಿಚಾರ. ಆದರೆ ಬಲಗೈ ಹೆಬ್ಬೆರಳಿನ ಸುಳಿಯಿಂದ ಮಗುವಿನ ಸಂಗೀತದ ಬುದ್ಧಿಯನ್ನು ಶೇಕಡಾವಾರು ಅಳೆಯಬಹುದೆಂದು ಕಮಿನ್ಸರೂ ಹೇಳಲಿಲ್ಲ, ಗಾರ್ಡ್ನರರೂ ಹೇಳಲಿಲ್ಲ. ಈ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲವೆಂದು ಭಾರತೀಯ ಮನೋವೈದ್ಯರ ಸಂಘವೇ ಹೇಳಿಕೆ ಹೊರಡಿಸಿದೆ. ಜಾತ್ರೆಯಲ್ಲಿ ಅಂಗೈ ನೋಡಿ ಭವಿಷ್ಯ ನುಡಿಯುತ್ತಿದ್ದವನು ಹತ್ತು ರೂಪಾಯಿಗೆ ತೃಪ್ತನಾಗುತ್ತಿದ್ದ. ಸ್ಕ್ಯಾನರ್ ಹಿಡಿದವನಿಗೆ ಒಂದು ತಿಂಗಳ ಶಾಲಾ ಶುಲ್ಕದಷ್ಟು ಬೇಕು. ವ್ಯತ್ಯಾಸ ಇಷ್ಟೇ.

ಡಿ.ಎನ್.ಎ. ಪರೀಕ್ಷೆಯ ವಿಷಯ ಅಷ್ಟು ಸುಲಭದ್ದಲ್ಲ. ಅದರ ಹಿಂದೆ ನಿಜವಾದ ಸಂಶೋಧನೆಯ ನೆರಳಿದೆ. ಆದ್ದರಿಂದ ಆ ಸಂಶೋಧನೆ ಏನು ಹೇಳುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿಯೇ ನೋಡಬೇಕು.

ಒಬ್ಬ ವ್ಯಕ್ತಿ ಎಷ್ಟು ವರ್ಷ ಓದುತ್ತಾನೆ ಎಂಬುದಕ್ಕೂ ಅವನ ವಂಶವಾಹಿಗಳಿಗೂ ಇರುವ ನಂಟನ್ನು 2013ರಲ್ಲಿ ಸುಮಾರು 1,26,000 ಜನರಲ್ಲಿ ಹುಡುಕಲಾಯಿತು. ಸಾವಿರಾರು ಜೀನು-ಭೇದಗಳನ್ನು ಒಟ್ಟುಗೂಡಿಸಿ ಒಂದು ಅಂಕವನ್ನು ಕಟ್ಟಿದರೂ, ಜನರ ಓದಿನ ವರ್ಷಗಳಲ್ಲಿ ಕಾಣುವ ಅಂತರದ ನೂರರಲ್ಲಿ ಎರಡು ಪಾಲನ್ನು ಮಾತ್ರ ಅದು ವಿವರಿಸಿತು. 2018ರಲ್ಲಿ 11 ಲಕ್ಷ ಜನರನ್ನು ಸೇರಿಸಿಕೊಂಡಾಗ ಅದು ಶೇಕಡಾ 11ರಿಂದ 13ಕ್ಕೆ ಏರಿತು. 2022ರಲ್ಲಿ 30 ಲಕ್ಷ ಜನರ ಅಧ್ಯಯನ ಬಂತು. ಶೇಕಡಾ 12ರಿಂದ 16. ಈ ಸಂಖ್ಯೆಗಳನ್ನು ಅಲ್ಲಗಳೆಯುವಂತಿಲ್ಲ. ಜನಸಮೂಹವನ್ನು ಅಧ್ಯಯನ ಮಾಡುವ ವಿದ್ವಾಂಸನಿಗೆ ಇದು ದೊಡ್ಡ ಉಪಕರಣ. ಆದರೆ ಒಂದೇ ಒಂದು ಮಗುವಿನ ಮುಂದೆ ಇದನ್ನು ಹಿಡಿದರೆ ಕೈಗೆ ಬರುವುದು ಮಂಜು. ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಪಾಲು ಈ ಅಂಕದ ಹೊರಗೇ ಉಳಿಯಿತಲ್ಲ! ಒಬ್ಬೊಬ್ಬ ವ್ಯಕ್ತಿಯ ಭವಿಷ್ಯ ಹೇಳುವುದಕ್ಕೆ ತಮ್ಮ ಅಂಕ ಬಳಸತಕ್ಕದ್ದಲ್ಲ ಎಂದು ಆ ಅಧ್ಯಯನಗಳನ್ನು ನಡೆಸಿದವರೇ ಒತ್ತಿ ಹೇಳಿದ್ದಾರೆ. ಬ್ರಿಟನ್ನಿನ ಬ್ರಿಸ್ಟಲ್ ಪ್ರದೇಶದ ಮಕ್ಕಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ನೇರವಾಗಿ ಪರೀಕ್ಷಿಸಿತು. ಮಗುವಿನ ಹಿಂದಿನ ಪರೀಕ್ಷೆಯ ಅಂಕಗಳು ಕೈಯಲ್ಲಿದ್ದಾಗ, ಜೀನಿನ ಅಂಕ ಹೊಸದಾಗಿ ಹೇಳುವುದು ತೀರ ಅಲ್ಪವೆಂದು ಕಂಡುಬಂತು. ಅಂದರೆ ನೀವು ಹಣ ತೆತ್ತು ತಿಳಿಯಹೊರಟಿರುವುದಕ್ಕಿಂತ ಹೆಚ್ಚಿನ ಸಂಗತಿ ನಿಮ್ಮ ಮೇಜಿನ ಖಾನೆಯಲ್ಲಿರುವ ಹಳೆಯ ಅಂಕಪಟ್ಟಿಯಲ್ಲಿದೆ. ತರಗತಿಯ ಶಿಕ್ಷಕಿಯ ಬಾಯಲ್ಲಿದೆ.

ನಮಗೆ ಸಂಬಂಧಿಸಿದ ಇನ್ನೊಂದು ತೊಡಕಿದೆ. ಈ ಅಂಕಗಳನ್ನು ಕಟ್ಟಿದ್ದು ಯೂರೋಪ್ ಮೂಲದ ಜನರ ರಕ್ತದಿಂದ. 2018ರ ಅದೇ ಅಂಕವನ್ನು ಆಫ್ರಿಕನ್-ಅಮೆರಿಕನ್ನರ ಮೇಲೆ ಪ್ರಯೋಗಿಸಿದಾಗ ಅದರ ಬಲ ಶೇಕಡಾ 1.6ಕ್ಕೆ ಕುಸಿಯಿತು. ಹಾಗಿರುವಾಗ ಶಿರಸಿಯ ಮಗುವಿಗೋ ಉಡುಪಿಯ ಮಗುವಿಗೋ, ನೂರಾರು ವರ್ಷ ತಮ್ಮತಮ್ಮೊಳಗೇ ಮದುವೆಯಾಗುತ್ತ ಬಂದ ನಮ್ಮ ಜಾತಿ-ಸಮುದಾಯಗಳ ಮಕ್ಕಳಿಗೋ, ಆ ಅಳತೆಗೋಲು ಹೊಂದುತ್ತದೆಂದು ಯಾವ ಧೈರ್ಯದಿಂದ ಹೇಳುತ್ತಾರೆ? ಬೇರೆಯವರ ಮೈಯಳತೆಗೆ ಹೊಲಿದ ಅಂಗಿಯನ್ನು ನಮ್ಮ ಮಗುವಿಗೆ ತೊಡಿಸಿ, ಮಗುವಿನ ತೋಳೇ ಸರಿಯಿಲ್ಲ ಎಂದಂತೆ ಇದು.

ಈ ಸಂಶೋಧನೆಗಳಲ್ಲಿ ನನಗೆ ಅತ್ಯಂತ ಸೊಗಸೆನಿಸಿದ್ದು 2018ರಲ್ಲಿ ಐಸ್‌ಲೆಂಡಿನಿಂದ ಬಂದದ್ದು. ತಂದೆತಾಯಿಯರ ಜೀನುಗಳಲ್ಲಿ ಅರ್ಧ ಮಾತ್ರ ಮಗುವಿಗೆ ಇಳಿಯುತ್ತದೆ. ಉಳಿದರ್ಧ ಅವರಲ್ಲೇ ಉಳಿಯುತ್ತದೆ. ಮಗುವಿಗೆ ಬಾರದೇ ಉಳಿದ ಆ ಅರ್ಧಕ್ಕೂ ಮಗುವಿನ ಓದಿಗೂ ನಂಟು ಇರಬಾರದಲ್ಲವೆ? ಆದರೆ ಇತ್ತು. ಇಳಿದು ಬಂದ ಜೀನುಗಳ ಪ್ರಭಾವದ ಸುಮಾರು ಶೇಕಡಾ 30ರಷ್ಟು, ಇಳಿಯದ ಜೀನುಗಳಿಗೂ ಕಂಡಿತು. ಅದು ರಕ್ತದ ಮೂಲಕ ಬಂದದ್ದಲ್ಲ, ಮನೆಯ ಮೂಲಕ ಬಂದದ್ದು. ರಾತ್ರಿ ಕತೆ ಹೇಳುವ ತಾಯಿ, ಪತ್ರಿಕೆ ಓದುವ ತಂದೆ, ಪುಸ್ತಕಕ್ಕೆ ಹಣ ಎತ್ತಿಡುವ ಮನೆ. ಜೀನಿನ ಪ್ರಭಾವವೆಂದು ನಾವು ಎಣಿಸಿದ್ದರಲ್ಲಿಯೇ ಒಂದು ಪಾಲು ಪರಿಸರದ ಪ್ರಭಾವವಾಗಿತ್ತು. ಅಂದಹಾಗೆ, ದುಡಿಮೆಯ ಪಾಳಿಯಿಂದಾಗಿ ವಾರದಲ್ಲಿ ಆರು ದಿನ ಮಕ್ಕಳು ಮಲಗಿದ ಮೇಲೆ ಮನೆ ಸೇರುವ ತಂದೆಯರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆಂಬುದು ನಿಮಗೇ ಗೊತ್ತು. ಆ ಮನೆಗಳಿಗೆ ನಮ್ಮ ಸಂಘ ಏನು ಮಾಡಬಹುದೆಂಬುದು ಸಮಿತಿಯ ಮುಂದೆ ಬರಬೇಕಾದ ವಿಷಯ.

ಇನ್ನು ‘ಆನುವಂಶೀಯತೆ’ ಎಂಬ ಮಾತು. ಬುದ್ಧಿ ಶೇಕಡಾ ಇಷ್ಟು ಆನುವಂಶೀಯ ಎಂದು ಪತ್ರಿಕೆಯಲ್ಲಿ ಓದಿದೊಡನೆ, ಅಷ್ಟು ಪಾಲು ಹಣೆಬರಹ, ಉಳಿದಷ್ಟು ಮಾತ್ರ ನಮ್ಮ ಕೈಯಲ್ಲಿ ಎಂದು ಜನ ಅರ್ಥ ಮಾಡಿಕೊಳ್ಳುತ್ತಾರೆ. ಇದಕ್ಕಿಂತ ತಪ್ಪಾದ ಅರ್ಥ ಇನ್ನೊಂದಿಲ್ಲ. ಅಮೆರಿಕದ ತಳಿವಿಜ್ಞಾನಿ ರಿಚರ್ಡ್ ಲೆವಾಂಟಿನ್ 1970ರಲ್ಲಿ ಬೀಜ ಮತ್ತು ಹೊಲದ ದೃಷ್ಟಾಂತದಿಂದ ಇದನ್ನು ವಿವರಿಸಿದ್ದರು. ಅದನ್ನು ನಮ್ಮ ರಾಗಿಗೆ ಅನ್ವಯಿಸಿ ನೋಡಬಹುದು. ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರನ್ನು ಹಳೆಯ ಮೈಸೂರಿನ ಕಡೆಯವರು ಮರೆತಿರಲಾರರು. ಹಲವು ತಳಿಗಳು ಬೆರೆತ ಒಂದೇ ಚೀಲದ ರಾಗಿಯನ್ನು ಎರಡು ಪಾಲು ಮಾಡಿ, ಒಂದನ್ನು ಕಾಲುವೆ ನೀರು ಹರಿಯುವ ಹೊಲದಲ್ಲಿಯೂ ಇನ್ನೊಂದನ್ನು ಕಲ್ಲುಭೂಮಿಯಲ್ಲಿಯೂ ಬಿತ್ತಿರಿ. ಒಂದೊಂದು ಹೊಲದ ಒಳಗೆ ಮಣ್ಣು ನೀರು ಎಲ್ಲಕ್ಕೂ ಒಂದೇ. ಹಾಗಾಗಿ ಅಲ್ಲಿ ಒಂದು ಪೈರು ಎತ್ತರ, ಇನ್ನೊಂದು ಗಿಡ್ಡ ಆಗಿದ್ದರೆ ಕಾರಣ ಪೂರ್ತಿಯಾಗಿ ಬೀಜ. ಆದರೆ ನೀರಾವರಿ ಹೊಲದ ತೆನೆಗಳಿಗೂ ಕಲ್ಲುಭೂಮಿಯ ತೆನೆಗಳಿಗೂ ಇರುವ ಅಂತರಕ್ಕೆ ಬೀಜ ಎಳ್ಳಷ್ಟೂ ಕಾರಣವಲ್ಲ, ಕಾರಣ ನೀರು. ಹೊಲದೊಳಗಿನ ಅಂತರ ಪೂರ್ತಿ ಆನುವಂಶೀಯವಾಗಿದ್ದರೂ ಹೊಲಹೊಲಗಳ ನಡುವಿನ ಅಂತರ ಪೂರ್ತಿ ಮನುಷ್ಯನಿರ್ಮಿತವಾಗಿರಬಹುದು. ಇದನ್ನು ಗ್ರಹಿಸಿದವರು ಶಾಲೆಯ ಫಲಿತಾಂಶದ ಪಟ್ಟಿ ನೋಡಿ ವಂಶದ ಮಾತಾಡುವುದಿಲ್ಲ.

ಇದು ಕೇವಲ ದೃಷ್ಟಾಂತವಲ್ಲ. ನಾವು ನಿಂತಿರುವ ನೆಲವೇ ಇದರ ಸಾಕ್ಷಿ. 1970ರಲ್ಲಿ ಸುಲ್ತಾನ್ ಕಾಬೂಸರು ಅಧಿಕಾರ ವಹಿಸಿಕೊಂಡಾಗ ಇಡೀ ಒಮಾನಿನಲ್ಲಿದ್ದದ್ದು ಮೂರು ಶಾಲೆಗಳು; ಅವುಗಳಲ್ಲಿ ಸುಮಾರು 900 ಹುಡುಗರು; ಹುಡುಗಿಯರು ಒಬ್ಬರೂ ಇಲ್ಲ. ಇಂದು ಈ ದೇಶದ ಉನ್ನತ ಶಿಕ್ಷಣದಲ್ಲಿ ಹೆಣ್ಣುಮಕ್ಕಳೇ ಹೆಚ್ಚು. 1970ರಿಂದ ನಾಲ್ಕು ದಶಕಗಳಲ್ಲಿ ಮಾನವ ಅಭಿವೃದ್ಧಿಯಲ್ಲಿ ಅತ್ಯಂತ ಹೆಚ್ಚು ಮುನ್ನಡೆದ ದೇಶ ಒಮಾನ್ ಎಂದು 2010ರಲ್ಲಿ ವಿಶ್ವಸಂಸ್ಥೆಯ ವರದಿ ಗುರುತಿಸಿತು. ಬುರೈಮಿಯ ವಿಶ್ವವಿದ್ಯಾಲಯದ ಬಾಗಿಲಲ್ಲಿ ಬೆಳಗ್ಗೆ ಇಳಿಯುವ ಹೆಣ್ಣುಮಕ್ಕಳ ಅಜ್ಜಿಯರು ಅಕ್ಷರ ಕಾಣದವರು. ಅಜ್ಜಿಯಿಂದ ಮೊಮ್ಮಗಳಿಗೆ ಎರಡು ತಲೆಮಾರು. ಎರಡು ತಲೆಮಾರಿನಲ್ಲಿ ಒಂದು ಜನಾಂಗದ ಜೀನುಗಳು ಬದಲಾಗುವುದಿಲ್ಲ, ಬದಲಾದದ್ದು ಶಾಲೆ. ನಮ್ಮ ಕರ್ನಾಟಕದ ಲೆಕ್ಕವೂ ಇದೇ. 1991ರ ಜನಗಣತಿಯಲ್ಲಿ ಶೇಕಡಾ 44.34 ಇದ್ದ ಮಹಿಳಾ ಸಾಕ್ಷರತೆ 2011ರಲ್ಲಿ 68.08 ಆಯಿತು. ಇಪ್ಪತ್ತು ವರ್ಷಗಳಲ್ಲಿ ಯಾವ ಜೀನು ಹುಟ್ಟಿತು?

ಇಲ್ಲಿ ಒಂದು ಅಹಿತವಾದ ಮಾತನ್ನೂ ಆಡಬೇಕಾಗಿದೆ. ನಮ್ಮ ಕೂಟಗಳಲ್ಲಿ, ಊಟದ ಸಾಲಿನಲ್ಲಿ, ‘ವಿದ್ಯೆ ನಮ್ಮ ರಕ್ತದಲ್ಲೇ ಬಂದಿದೆ’ ಎಂಬ ಮಾತನ್ನು ನಾನು ಕೇಳಿದ್ದೇನೆ, ನೀವೂ ಕೇಳಿದ್ದೀರಿ. ಹೇಳುವವರು ಕೆಟ್ಟವರಲ್ಲ. ಆದರೆ ಆ ಮಾತು ಕೆಟ್ಟದ್ದು. ಶತಮಾನಗಳ ಕಾಲ ನೀರನ್ನು ಒಂದೇ ಹೊಲಕ್ಕೆ ಹರಿಸಿ, ಆಮೇಲೆ ಬೀಜವನ್ನು ಹೊಗಳುವುದು ಅದು. 1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿ ಶಾಲೆ ತೆರೆದಾಗ, ಸ್ವಂತ ಸಾರಸ್ವತ ಸಮಾಜದಿಂದಲೇ ಬಹಿಷ್ಕಾರ ಅನುಭವಿಸಬೇಕಾಯಿತು. ಕರಾವಳಿಯಿಂದ ಬಂದ ನಮ್ಮ ಸದಸ್ಯರಿಗೆ ಈ ಕತೆ ಹೊಸದಲ್ಲ. ರಂಗರಾಯರ ಬಳಿ ತಳಿವಿಜ್ಞಾನದ ಯಾವ ಪುಸ್ತಕವೂ ಇರಲಿಲ್ಲ. ಮೆಂಡೆಲನ ಕಟ್ಟಳೆಗಳನ್ನು ಜಗತ್ತು ಮತ್ತೆ ಕಂಡುಕೊಂಡದ್ದೇ 1900ರಲ್ಲಿ. ಆದರೂ ಬೀಜ ಮತ್ತು ಹೊಲದ ವಿಷಯದಲ್ಲಿ ಅವರ ತಿಳಿವಳಿಕೆ ಇಂದಿನ ಮಳಿಗೆಯವರಿಗಿಂತ ಸರಿಯಾಗಿತ್ತು.

ಹಾಗಾದರೆ ಜೀನಿನ ಮಾತನ್ನೇ ಶಿಕ್ಷಣದ ಹತ್ತಿರಕ್ಕೆ ಬಿಡಬಾರದು ಎಂದು ನಮ್ಮಲ್ಲಿ ಕೆಲವು ಪ್ರಗತಿಪರ ಮಿತ್ರರು ವಾದಿಸುತ್ತಾರೆ. ಗಾಲ್ಟನ್ 1883ರಲ್ಲಿ ‘ಸುಸಂತಾನ ಶಾಸ್ತ್ರ’ಕ್ಕೆ ಹೆಸರಿಟ್ಟ ಮೇಲೆ ಅದರ ಹೆಸರಿನಲ್ಲಿ ಜರ್ಮನಿಯಲ್ಲಿಯೂ ಅಮೆರಿಕದಲ್ಲಿಯೂ ನಡೆದ ಕ್ರೌರ್ಯವನ್ನು ಬಲ್ಲವರಿಗೆ ಈ ಭಯ ಸಹಜ. ಭಯವನ್ನು ಗೌರವಿಸುತ್ತೇನೆ, ತೀರ್ಮಾನವನ್ನು ಒಪ್ಪುವುದಿಲ್ಲ. ಅಳತೆಗೋಲನ್ನು ಮಗುವಿನ ಕಡೆಗೆ ತಿರುಗಿಸದೆ ವ್ಯವಸ್ಥೆಯ ಕಡೆಗೆ ತಿರುಗಿಸಿದರೆ ಅದೇ ತಳಿವಿಜ್ಞಾನ ಆಳುವವರನ್ನು ಪ್ರಶ್ನಿಸುವ ಸಾಧನವಾಗುತ್ತದೆ. ನಾರ್ವೆಯ ಅವಳಿ ಮಕ್ಕಳ ಅಧ್ಯಯನವೊಂದು 1985ರಲ್ಲಿ ಪ್ರಕಟವಾಯಿತು. ಎರಡನೆಯ ಮಹಾಯುದ್ಧದ ನಂತರ ಅಲ್ಲಿ ಶಿಕ್ಷಣ ವಿಸ್ತಾರಗೊಂಡಿತು. 1940ರ ನಂತರ ಹುಟ್ಟಿದ ಗಂಡಸರಲ್ಲಿ, ಎಷ್ಟು ಓದಿದರೆಂಬುದಕ್ಕೆ ಅಪ್ಪನ ಮನೆತನ ಕಾರಣವಾಗುವುದು ತಗ್ಗಿ, ಹುಟ್ಟು ಸಾಮರ್ಥ್ಯದ ಪಾಲು ಏರಿತು. ಹೆಂಗಸರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಬಾಗಿಲು ಯಾರಿಗೆ ಎಷ್ಟು ತೆರೆದಿತ್ತು ಎಂಬುದನ್ನು ಅವಳಿ ಮಕ್ಕಳ ಲೆಕ್ಕ ತೋರಿಸಿಕೊಟ್ಟಿತು! ಸೋವಿಯತ್ ಆಡಳಿತ ಕಳಚಿದ ಮೇಲಿನ ಎಸ್ಟೋನಿಯಾದಲ್ಲಿಯೂ ಇಂಥದೇ ಪಲ್ಲಟ ಕಂಡದ್ದನ್ನು 2018ರ ಅಧ್ಯಯನವೊಂದು ವರದಿ ಮಾಡಿತು.

ಬ್ರಿಟನ್ನಿನ ಉದಾಹರಣೆ ಇನ್ನೂ ಅರ್ಥಪೂರ್ಣ. ಅಲ್ಲಿ 1972ರಲ್ಲಿ ಶಾಲೆ ಬಿಡುವ ಕನಿಷ್ಠ ವಯಸ್ಸನ್ನು 15ರಿಂದ 16ಕ್ಕೆ ಏರಿಸಿದರು. ಒಂದೇ ಒಂದು ವರ್ಷದ ಹೆಚ್ಚಿನ ಓದು. ದಶಕಗಳ ನಂತರ ಆ ತಲೆಮಾರಿನವರ ಜೀನುಗಳನ್ನೂ ಆರೋಗ್ಯವನ್ನೂ ಹೋಲಿಸಿದಾಗ, ಬೊಜ್ಜಿನ ಆನುವಂಶಿಕ ಅಪಾಯ ಹೆಚ್ಚಿದ್ದವರಿಗೇ ಆ ಒಂದು ವರ್ಷದಿಂದ ಹೆಚ್ಚು ಲಾಭವಾಗಿತ್ತು. ರಕ್ತದಲ್ಲಿದ್ದ ಅಸಮಾನತೆಯನ್ನು ಶಾಲೆ ತಗ್ಗಿಸಿತ್ತು. ಆನುವಂಶೀಯ ಎಂದರೆ ಬದಲಾಗದ್ದು ಎಂಬ ಭ್ರಮೆಗೆ ಇದಕ್ಕಿಂತ ಉತ್ತರ ಬೇಕಿಲ್ಲ. ಸಮೀಪದೃಷ್ಟಿದೋಷವೂ ಬಹುಮಟ್ಟಿಗೆ ಆನುವಂಶೀಯ. ಹಾಗೆಂದು ಯಾರೂ ಮಗುವಿಗೆ ಕನ್ನಡಕ ಕೊಡಿಸದೆ ಬಿಡುವುದಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ನಾನು ವೈದ್ಯನಾಗಿ ಮಾತನಾಡುತ್ತಿದ್ದೇನೆ.

ಜೀನಿನ ಜ್ಞಾನ ಮಕ್ಕಳ ಕಲಿಕೆಯನ್ನು ಉಳಿಸಿದ ಅತಿ ದೊಡ್ಡ ಕತೆ ಯಾವ ಮಳಿಗೆಯಲ್ಲಿಯೂ ಸಿಗುವುದಿಲ್ಲ, ಏಕೆಂದರೆ ಅದು ಅಗ್ಗ. 1934ರಲ್ಲಿ ನಾರ್ವೆಯ ವೈದ್ಯ ಫೋಲಿಂಗ್, ಬೌದ್ಧಿಕ ನ್ಯೂನತೆಯಿದ್ದ ಇಬ್ಬರು ಮಕ್ಕಳ ಮೂತ್ರವನ್ನು ಪರೀಕ್ಷಿಸಿ, ಆಹಾರದ ಒಂದು ಅಂಶವನ್ನು ಅವರ ದೇಹ ಅರಗಿಸಿಕೊಳ್ಳಲಾರದೆಂದು ಪತ್ತೆಹಚ್ಚಿದರು. ಫೀನೈಲ್‌ಕೀಟೋನ್ಯೂರಿಯಾ ಎಂಬುದು ಅದರ ಹೆಸರು. ಆ ಮಕ್ಕಳ ತಾಯಿ ಮೂತ್ರದ ವಿಚಿತ್ರ ವಾಸನೆಯನ್ನು ಗಮನಿಸಿ ವೈದ್ಯರಿಂದ ವೈದ್ಯರಿಗೆ ಅಲೆದಿದ್ದಳು. ಶೋಧದ ಅರ್ಧ ಕೀರ್ತಿ ಆಕೆಯದು. 1950ರ ದಶಕದಲ್ಲಿ ಪಥ್ಯಾಹಾರ ಸಿದ್ಧವಾಯಿತು. 1960ರ ದಶಕದ ಆರಂಭದಲ್ಲಿ ಅಮೆರಿಕದ ರಾಬರ್ಟ್ ಗತ್ರಿ, ಶಿಶುವಿನ ಹಿಮ್ಮಡಿಯಿಂದ ತೆಗೆದ ಹನಿ ರಕ್ತವನ್ನು ಸೋಸುಕಾಗದದ ಮೇಲೆ ಒಣಗಿಸಿ ಪರೀಕ್ಷಿಸುವ ವಿಧಾನ ರೂಪಿಸಿದರು. ಹುಟ್ಟಿದ ಕೆಲವೇ ದಿನಗಳಲ್ಲಿ ತಿಳಿದರೆ, ಪಥ್ಯದಿಂದ ಆ ಮಗು ಎಲ್ಲರಂತೆ ಶಾಲೆಗೆ ಹೋಗುತ್ತದೆ. ತಿಳಿಯದಿದ್ದರೆ ಇಲ್ಲ. ಜೀನು ಎರಡು ಸಂದರ್ಭದಲ್ಲಿಯೂ ಅದೇ.

ಇದು ಪರದೇಶದ ಕತೆಯೆನ್ನಬೇಡಿ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಅವರ ಸಹೋದ್ಯೋಗಿಗಳು ಕರ್ನಾಟಕದ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತವನ್ನು ಹೀಗೆಯೇ ಪರೀಕ್ಷಿಸಿದರು. ಅದೇ ಕಾರ್ಯದಲ್ಲಿ, ತಂದೆತಾಯಿಗಳ ಪೈಕಿ ಮೂರರಲ್ಲಿ ಒಂದು ಜೋಡಿ ರಕ್ತಸಂಬಂಧಿಗಳೆಂದೂ, ಅವರಲ್ಲಿ ಸೋದರಮಾವ ಮತ್ತು ಅಕ್ಕನ ಮಗಳ ಮದುವೆಯೇ ಹೆಚ್ಚೆಂದೂ ತಿಳಿದುಬಂತು. ನಮ್ಮ ಒಮಾನೀ ನೆರೆಹೊರೆಯವರಲ್ಲಿಯೂ ರಕ್ತಸಂಬಂಧದ ಮದುವೆ ಸುಮಾರು ಅರ್ಧದಷ್ಟು. ಇಲ್ಲಿ ದೊಡ್ಡಪ್ಪ-ಚಿಕ್ಕಪ್ಪನ ಮಗಳು, ಅಲ್ಲಿ ಅಕ್ಕನ ಮಗಳು, ಲೆಕ್ಕಾಚಾರ ಒಂದೇ. ಸುಪ್ತವಾಗಿರುವ ಒಂದೇ ದೋಷ ಎರಡೂ ಕಡೆಯಿಂದ ಮಗುವಿಗೆ ಬರುವ ಸಂಭವ ಏರುತ್ತದೆ. ಸೋದರಮಾವನ ಮದುವೆಯಲ್ಲಿ ಇನ್ನೂ ಹೆಚ್ಚು. ಇಂಥ ಮದುವೆಗಳಲ್ಲಿ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಯಾರನ್ನೂ ಹೀಯಾಳಿಸಲು ಈ ಮಾತಲ್ಲ. ಆದರೆ ‘ಸಂಬಂಧ ಬಿಟ್ಟುಹೋಗಬಾರದು’ ಎಂದು ಹೆಣ್ಣು ಕೊಟ್ಟು ತರುವ ಮನೆಗಳೇ ಪ್ರತಿಭೆಯ ಜೀನು ಹುಡುಕಲು ಹಣ ತೆರುವುದನ್ನು ಕಂಡಾಗ, ಮಾತಾಡದೆ ಇರಲಾಗುವುದಿಲ್ಲ. ಗಡಿಯಾಚೆಯ ಎಮಿರೇಟ್ಸ್ ತನ್ನ ಪ್ರಜೆಗಳ ಮದುವೆಗೆ ಮುನ್ನ ಜೀನು ಪರೀಕ್ಷೆಯನ್ನು 2025ರ ಜನವರಿಯಿಂದ ಕಡ್ಡಾಯಗೊಳಿಸಿದೆ. ನಾವು ಜಾತಕ ತರಿಸುತ್ತೇವೆ.

ನಮ್ಮ ಮನೆಗಳ ಪಾಲಿಗೆ ಇಲ್ಲೊಂದು ನಿಜವಾದ ಅಪಾಯವಿದೆ. ಬಸುರಿ ಹೆಂಗಸು ಹೆರಿಗೆಗೆ ತವರಿಗೆ ಹೋಗುವುದು ನಮ್ಮ ಪದ್ಧತಿ. ಭಾರತದಲ್ಲಿ ಇಂದಿಗೂ ದೇಶವ್ಯಾಪಿಯಾದ ಕಡ್ಡಾಯ ನವಜಾತ ರಕ್ತಪರೀಕ್ಷೆ ಇಲ್ಲ. ಕೆಲವು ಆಸ್ಪತ್ರೆಗಳಲ್ಲಿ ಉಂಟು, ಹಲವೆಡೆ ಕೇಳಿದರೆ ಮಾತ್ರ ಉಂಟು. ಮಗು ನಾಲ್ಕೈದು ತಿಂಗಳಾದ ಮೇಲೆ ಇಲ್ಲಿಗೆ ಬಂದಾಗ ಇಲ್ಲಿಯ ನವಜಾತ ತಪಾಸಣೆಯ ಕಾಲ ಮೀರಿರುತ್ತದೆ. ಎರಡು ದೇಶಗಳ ನಡುವಿನ ಸಂದಿಯಲ್ಲಿ ಮಗು ಜಾರಿಹೋಗುತ್ತದೆ. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆಯಿರುವ ಶಿಶುಗಳು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ, ಸುಮಾರು 1,100ರಲ್ಲಿ ಒಂದು. ಇದರಲ್ಲಿ ಆನುವಂಶಿಕವಾದದ್ದು ಸಣ್ಣ ಪಾಲು. ಆದರೆ ಪರೀಕ್ಷೆ ಅದೇ ಒಂದು ಹನಿ ರಕ್ತದಲ್ಲಿ ಆಗುತ್ತದೆ. ಎರಡು ವಾರದೊಳಗೆ ದಿನಕ್ಕೊಂದು ಅಗ್ಗದ ಮಾತ್ರೆ ಆರಂಭಿಸಿದರೆ ಮಗುವಿನ ಬುದ್ಧಿ ಉಳಿಯುತ್ತದೆ. ತಿಂಗಳುಗಳು ಕಳೆದರೆ ಕಳೆದದ್ದು ಮರಳುವುದಿಲ್ಲ. ಹೆರಿಗೆಗೆ ಹೊರಟವರು ತೊಟ್ಟಿಲ ಶಾಸ್ತ್ರಕ್ಕೆ ಮುಂಚೆ ಈ ಪರೀಕ್ಷೆಯನ್ನೂ ಶ್ರವಣ ಪರೀಕ್ಷೆಯನ್ನೂ ಕೇಳಿ ಮಾಡಿಸಬೇಕು. ಪ್ರಾಯೋಜಕರು ಬೇಕೇಬೇಕೆಂದಾದರೆ, ರಾಜ್ಯೋತ್ಸವದ ಆ ಮೇಜಿನ ಮೇಲೆ ಈ ಮಾಹಿತಿಯ ಕನ್ನಡದ ಹಾಳೆಯನ್ನು ಇಡೋಣ. ಬರೆದುಕೊಡುವ ಹೊಣೆ ನನ್ನದು.

ಶಾಲೆಗಳಿಗೂ ಇದರಲ್ಲಿ ಪಾಲಿದೆ. ಒಮಾನಿನಲ್ಲಿ ನೂರರಲ್ಲಿ ಸುಮಾರು ಆರು ಮಂದಿ ಸಿಕಲ್ ಸೆಲ್ ಜೀನಿನ ವಾಹಕರು. ನಮ್ಮ ಮೈಸೂರು, ಚಾಮರಾಜನಗರದ ಕಾಡಂಚಿನ ಹಾಡಿಗಳಲ್ಲಿಯೂ ಈ ರೋಗವಿದೆ. 2023ರಲ್ಲಿ ಭಾರತ ಸರ್ಕಾರ ಅದರ ನಿರ್ಮೂಲನೆಗೆ ಅಭಿಯಾನ ಆರಂಭಿಸಿತು. ಈ ರೋಗವಿರುವ ಮಗುವನ್ನು ಬಿಸಿಲಿನಲ್ಲಿ ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಬಾರದು, ಪದೇ ಪದೇ ನೀರು ಕುಡಿಯಲು ಬಿಡಬೇಕು, ನೋವಿನಿಂದ ತಪ್ಪಿದ ಪಾಠಗಳನ್ನು ಮತ್ತೆ ಹೇಳಿಕೊಡಬೇಕು. ಅಂಥ ಮಗುವನ್ನು ‘ಸೋಮಾರಿ’ ಎನ್ನದಂತೆ ಶಿಕ್ಷಕರಿಗೆ ತಿಳಿಸುವ ಒಂದು ಪುಟದ ಸುತ್ತೋಲೆಯೇ ತಳಿವಿಜ್ಞಾನವನ್ನು ಅರಿತ ಶಿಕ್ಷಣ ನೀತಿ.

ಓದಿನ ತೊಡಕು, ಅಂದರೆ ಡಿಸ್ಲೆಕ್ಸಿಯಾ, ಬಹುಮಟ್ಟಿಗೆ ಆನುವಂಶೀಯ. 2022ರ ಬೃಹತ್ ಅಧ್ಯಯನವೊಂದರಲ್ಲಿ ಅದಕ್ಕೆ ಸಂಬಂಧಿಸಿದ 42 ಜೀನು-ನೆಲೆಗಳು ಗುರುತಾದವು. ಇದಕ್ಕೂ ರಕ್ತಪರೀಕ್ಷೆಯಿಲ್ಲ, ಬೇಕಾಗಿಯೂ ಇಲ್ಲ. ತಂದೆಗೋ ಸೋದರಮಾವನಿಗೋ ಬಾಲ್ಯದಲ್ಲಿ ಓದು ತಡವಾಗಿತ್ತೆಂದು ಕೇಳಿ ತಿಳಿದರೆ ಸಾಕು, ಮಗುವನ್ನು ಬೇಗನೆ ಗಮನಿಸಬಹುದು. ತಾಯಿಯ ಅಲಕ್ಷ್ಯವೇ ಕಾರಣವೆಂಬ ಅತ್ತೆಮನೆಯ ದೂರಿಗೂ ಅಲ್ಲಿಗೆ ಕೊನೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಮಾನ್ಯ ಮಾಡಿದೆ. ನಮ್ಮ ಮಕ್ಕಳು ಇಲ್ಲಿ ಬರೆಯುವ ಸಿ.ಬಿ.ಎಸ್.ಇ. ಪರೀಕ್ಷೆಯಲ್ಲಿ ಅಂಥವರಿಗೆ ಗಂಟೆಗೆ 20 ನಿಮಿಷ ಹೆಚ್ಚಿನ ಅವಧಿಯೂ ಇದೆ. ಎಷ್ಟು ಮನೆಗಳಿಗೆ ಇದು ಗೊತ್ತು?

ಆದರೆ ಅವಸರದ ಹಣೆಪಟ್ಟಿಯೂ ಅಷ್ಟೇ ಅಪಾಯಕರ. ಮನೆಯಲ್ಲಿ ತುಳುವೋ ಕನ್ನಡವೋ ಕೊಂಕಣಿಯೋ, ಶಾಲೆಯಲ್ಲಿ ಇಂಗ್ಲಿಷ್, ಜೊತೆಗೆ ಹಿಂದಿ, ಅರಬ್ಬಿ. ಇಷ್ಟು ಲಿಪಿಗಳ ನಡುವೆ ಎಡವುವ ಮಗುವಿಗೆಲ್ಲ ನ್ಯೂನತೆ ಇದೆಯೆಂದಲ್ಲ. ಕನ್ನಡದ ಅಕ್ಷರಗಳು, ಅವುಗಳ ಗುಣಿತ, ಒತ್ತಕ್ಷರಗಳೆಲ್ಲ ಕೈವಶವಾಗಲು ನಾಲ್ಕೈದನೆಯ ತರಗತಿಯವರೆಗೂ ಕಾಲ ಹಿಡಿಯುತ್ತದೆಂದು ಬೆಂಗಳೂರಿನ ಸೊನಾಲಿ ನಾಗ್ ಅವರ ಸಂಶೋಧನೆ ತೋರಿಸಿದೆ. ಇಂಗ್ಲಿಷಿನ ಅಳತೆಯಿಂದ ಕನ್ನಡದ ಓದುಗನನ್ನು ಅಳೆಯಲಾಗದು. ಆದ್ದರಿಂದ ಸಂಶಯವಿದ್ದವರು ಜೂನ್-ಜುಲೈ ರಜೆಗೆ ಊರಿಗೆ ಹೋಗುವಾಗ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೋ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೋ ಮೊದಲೇ ದಿನ ಗೊತ್ತುಪಡಿಸಿಕೊಂಡು ಮಗುವನ್ನು ಎರಡೂ ಭಾಷೆಗಳಲ್ಲಿ ಪರೀಕ್ಷಿಸಿಕೊಳ್ಳಲಿ. ಹೋಗುವಾಗ ಮಗುವಿನ ಹುಟ್ಟಿದ ಆಸ್ಪತ್ರೆಯ ಕಾಗದ, ಕಳೆದ ಎರಡು ವರ್ಷಗಳ ಅಂಕಪಟ್ಟಿ, ಮಗು ಸ್ವತಃ ಬರೆದ ಒಂದು ಕನ್ನಡ ಮತ್ತು ಒಂದು ಇಂಗ್ಲಿಷ್ ನೋಟ್‌ಬುಕ್ ಜೊತೆಗಿರಲಿ. ತಪ್ಪುಗಳನ್ನು ತಿದ್ದಿಸಿ ಒಯ್ಯಬೇಡಿ. ಪರೀಕ್ಷಿಸುವವರಿಗೆ ಬೇಕಾದದ್ದು ಆ ತಪ್ಪುಗಳೇ.